ಪ್ರಶ್ನೆ ಕೇಳುವ ಮೊದಲೇ ಉತ್ತರ

ಸರ್ವರ್‌ಗೆ ಲಿನಕ್ಸ್ ಹಾಕುವಾಗ ಮನುಷ್ಯನನ್ನು ಕುರ್ಚಿಗೆ ಕಟ್ಟಿಹಾಕುವುದು ಕಡತಗಳ ನಕಲಲ್ಲ, ಪ್ರಶ್ನೆಗಳು. ಯಾವ ಭಾಷೆ? ಯಾವ ಕೀಬೋರ್ಡ್? ಡಿಸ್ಕನ್ನು ಹೇಗೆ ಭಾಗ ಮಾಡಲಿ? ರೂಟ್ ಪಾಸ್‌ವರ್ಡ್ ಏನು? ಒಂದೆರಡು ಯಂತ್ರಗಳಾದರೆ ಎದುರು ಕೂತು ಉತ್ತರಿಸಬಹುದು. ನಲವತ್ತಾದರೆ ಎಲ್ಲೋ ಒಂದು ಕಡೆ ಬೆರಳು ಜಾರುತ್ತದೆ. ಆ ಒಂದು ಸರ್ವರ್ ಮಾತ್ರ ಬೇರೆ ಥರ ನಡೆದುಕೊಳ್ಳುತ್ತಿದೆ ಎಂಬುದು ತಿಂಗಳುಗಳ ನಂತರ, ಅದೂ ಅಪರಾತ್ರಿಯಲ್ಲಿ, ಬಯಲಾಗುತ್ತದೆ.

ಉತ್ತರಗಳನ್ನು ಮೊದಲೇ ಬರೆದಿಟ್ಟರೆ ಈ ತಾಪತ್ರಯವಿಲ್ಲ. ಸನ್ ಕಂಪನಿಯ ಸೋಲಾರಿಸ್ ಆಪರೇಟಿಂಗ್ ಸಿಸ್ಟಮ್‌ಗೆ ಇದಕ್ಕೆಂದೇ ಜಂಪ್‌ಸ್ಟಾರ್ಟ್ ಇತ್ತು. ರೆಡ್ ಹ್ಯಾಟ್‌ನಲ್ಲಿ ಕಿಕ್‌ಸ್ಟಾರ್ಟ್, ಡೆಬಿಯನ್‌ನಲ್ಲಿ ಪ್ರಿಸೀಡ್ ಬಂದವು. ಜರ್ಮನಿಯ ಕೊಲೋನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾಂಗೆ 1999ರಲ್ಲಿ ಎಫ್‌ಎಐ ಎಂಬ ಇಂಥದೇ ಸಾಧನವನ್ನು ಶುರುಮಾಡಿದರು. ಎಲ್ಲವುಗಳ ತಿರುಳು ಒಂದೇ: ಮೊದಲೇ ಬರೆದಿಟ್ಟ ಸಾದಾ ಪಠ್ಯದ ಕಡತಗಳು. ಕಿಕ್‌ಸ್ಟಾರ್ಟ್‌ನವರು ಇನ್ನೂ ಒಂದು ಉಪಕಾರ ಮಾಡಿದ್ದಾರೆ. ನೀವು ಒಮ್ಮೆ ಕೈಯಾರೆ ಲಿನಕ್ಸ್ ಹಾಕಿದರೆ, ನೀವು ಕೊಟ್ಟ ಉತ್ತರಗಳನ್ನೆಲ್ಲ ಇನ್‌ಸ್ಟಾಲರ್ ರೂಟ್ ಬಳಕೆದಾರನ ಫೋಲ್ಡರ್‌ನಲ್ಲಿ ಬರೆದಿಟ್ಟು ಹೋಗುತ್ತದೆ. ಅದನ್ನೇ ತಿದ್ದಿಕೊಂಡರೆ ಸ್ಕ್ರಿಪ್ಟ್ ಸಿದ್ಧ.

ನಿಜವಾದ ಸೋಜಿಗ ಇರುವುದು ಇನ್ನೊಂದು ಕಡೆ. ಡಿಸ್ಕ್ ಖಾಲಿ, ಆಪರೇಟಿಂಗ್ ಸಿಸ್ಟಮ್ ಇಲ್ಲ, ಪೆನ್‌ಡ್ರೈವ್ ಕೂಡ ಚುಚ್ಚಿಲ್ಲ. ಇಂಥ ಯಂತ್ರ ಉತ್ತರಗಳ ಕಡತವನ್ನು ಹುಡುಕುವುದಾದರೂ ಹೇಗೆ? ಈ ಕೆಲಸಕ್ಕೆಂದೇ ಇಂಟೆಲ್ ರೂಪಿಸಿದ ಪಿಎಕ್ಸ್‌ಇ ಎಂಬ ಪುಟ್ಟ ಪ್ರೋಗ್ರಾಂ ನೆಟ್‌ವರ್ಕ್ ಕಾರ್ಡಿನ ಚಿಪ್ಪಿನಲ್ಲೋ ಮದರ್‌ಬೋರ್ಡಿನಲ್ಲೋ ಇರುತ್ತದೆ. ವಿದ್ಯುತ್ ಬಂದೊಡನೆ ಅದು ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗು ಹಾಕುತ್ತದೆ. ತನಗೇ ವಿಳಾಸವಿಲ್ಲ, ಯಾರನ್ನು ಕೇಳಬೇಕೆಂದೂ ಗೊತ್ತಿಲ್ಲ. ಹಾಗಾಗಿ ಎಲ್ಲರನ್ನೂ ಕೇಳುತ್ತದೆ. ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಓಗೊಟ್ಟು ಮೂರು ವಿಷಯ ತಿಳಿಸುತ್ತದೆ: ನಿನ್ನ ವಿಳಾಸ ಇದು, ಬೂಟ್ ಕಡತ ಇಂಥ ಸರ್ವರ್‌ನಲ್ಲಿದೆ, ಅದರ ಹೆಸರು ಇದು.

ಆ ಬೂಟ್ ಕಡತವನ್ನು ತರುವುದು ಟಿಎಫ್‌ಟಿಪಿ ಎಂಬ ಸರಳ ವಿಧಾನ. ಪಾಸ್‌ವರ್ಡ್ ಇಲ್ಲ, ಕಡತಗಳ ಪಟ್ಟಿ ಕೇಳುವ ಸೌಕರ್ಯವೂ ಇಲ್ಲ. ಚಿಕ್ಕ ಚಿಪ್ಪಿನಲ್ಲಿ ಹಿಡಿಸಬೇಕಲ್ಲ! ಮೂಲ ನಿಯಮದಂತೆ ಅದು ಒಂದು ಸಲಕ್ಕೆ 512 ಬೈಟ್ ಕಳಿಸಿ, ‘ಬಂತು’ ಎಂಬ ಉತ್ತರ ಸಿಗುವವರೆಗೆ ಸುಮ್ಮನಿರುತ್ತದೆ. 512ಕ್ಕಿಂತ ಚಿಕ್ಕ ತುಂಡು ಬಂದರೆ ಕಡತ ಮುಗಿಯಿತೆಂದು ಅರ್ಥ. ಈ ಲೆಕ್ಕದಲ್ಲಿ 100 ಎಂಬಿ ಕಡತಕ್ಕೆ ಸುಮಾರು ಎರಡು ಲಕ್ಷ ತುಂಡುಗಳು. ಆದ್ದರಿಂದ ಈಗೀಗ ಚಿಕ್ಕ ಬೂಟ್‌ಲೋಡರನ್ನು ಮಾತ್ರ ಹೀಗೆ ತರಿಸಿ, ಉಳಿದ ಭಾರವನ್ನು ಎಚ್‌ಟಿಟಿಪಿಗೆ ಹೊರಿಸುವುದುಂಟು. ಕರ್ನೆಲ್ ಬರುತ್ತದೆ, ಇನ್‌ಸ್ಟಾಲರ್ ರ‍್ಯಾಮ್‌ನಲ್ಲೇ ಎದ್ದು ನಿಲ್ಲುತ್ತದೆ, ಉತ್ತರಗಳ ಕಡತ ಇಳಿಸಿಕೊಳ್ಳುತ್ತದೆ. ಆಮೇಲಿನದು ಡಿಸ್ಕ್ ಭಾಗ ಮಾಡಿ ಪ್ಯಾಕೇಜ್ ತುಂಬುವ ಮಾಮೂಲಿ ಕೆಲಸ.

ಯಾರೂ ಎದುರಿಲ್ಲದಿರುವುದೇ ಇದರ ಅಪಾಯವೂ ಹೌದು. ‘ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ?’ ಎಂಬುದು ಮನುಷ್ಯ ಒಂದು ಕ್ಷಣ ತಡೆದು ಓದುವ ಪ್ರಶ್ನೆ. ಕಿಕ್‌ಸ್ಟಾರ್ಟ್ ಸ್ಕ್ರಿಪ್ಟಿನಲ್ಲಿ ‘ಕ್ಲಿಯರ್‌ಪಾರ್ಟ್ ಆಲ್’ ಎಂದು ಬರೆದಿದ್ದರೆ, ಎಲ್ಲ ಡಿಸ್ಕುಗಳೂ ಎಂದೇ ಅರ್ಥ. ದತ್ತಾಂಶ ತುಂಬಿದ ಎರಡನೆಯ ಡಿಸ್ಕ್ ಅಕಸ್ಮಾತ್ ಜೋಡಿಸಿದ್ದರೆ ಅದರ ವಿಭಾಗಗಳೂ ಹೋಗುತ್ತವೆ. ಅಳಿಸಬೇಕಾದ ಡಿಸ್ಕನ್ನು ಹೆಸರಿಸಿ ಹೇಳುವುದೇ ಲೇಸು. ಪಾಸ್‌ವರ್ಡನ್ನು ಗೂಢರೂಪದಲ್ಲಿ ಬರೆದರೂ ಕಡತ ಬೀಗವಿಲ್ಲದ ಎಚ್‌ಟಿಟಿಪಿಯಲ್ಲಿ ಕೂತಿರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಇನ್ನೊಂದು ತಮಾಷೆಯ ತೊಡಕು ರೀಬೂಟ್‌ನದು. ಮೊದಲು ನೆಟ್‌ವರ್ಕಿನಿಂದ ಬೂಟ್ ಆಗುವಂತೆ ಹೊಂದಿಸಿದ ಯಂತ್ರ, ಕೆಲಸ ಮುಗಿಸಿ ಎದ್ದೊಡನೆ ಮತ್ತೆ ಕೂಗು ಹಾಕುತ್ತದೆ, ಮತ್ತೆ ಅದೇ ಕಡತ ಪಡೆಯುತ್ತದೆ, ಈಗಷ್ಟೇ ಹಾಕಿದ ಲಿನಕ್ಸನ್ನು ಅಳಿಸಿ ಹೊಸದಾಗಿ ಹಾಕುತ್ತದೆ. ಯಾರೂ ನೋಡದಿದ್ದರೆ ಇದು ಹಗಲಿರುಳೂ ನಡೆಯುತ್ತದೆ. ಅದಕ್ಕೇ ಸ್ಕ್ರಿಪ್ಟಿನ ಕೊನೆಯಲ್ಲಿ, ನನ್ನದು ಮುಗಿಯಿತು ಎಂದು ಬೂಟ್ ಸರ್ವರ್‌ಗೆ ತಿಳಿಸುವ ಸಾಲೊಂದನ್ನು ಸೇರಿಸುತ್ತಾರೆ. ಸರ್ವರ್ ಆ ಯಂತ್ರದ ಮ್ಯಾಕ್ ವಿಳಾಸದ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ, ಎದುರಿರುವ ಸೂಚನೆಯನ್ನು, ಮುಂದಿನ ಸಲ ಡಿಸ್ಕಿನಿಂದಲೇ ಏಳು ಎಂದು ಬದಲಿಸಿಕೊಳ್ಳುತ್ತದೆ.