ಹೈಸ್ಕೂಲಿನಲ್ಲೇ ಒಂದು ಪಾಲು ಕಾಲೇಜು

ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ವಾರ. ಭೌತಶಾಸ್ತ್ರದ ಕ್ಲಾಸಿನಲ್ಲಿ ಒಂದು ಗಂಟೆ ಪೂರ್ತಿ ‘ಆಕ್ಸಲರೇಷನ್’ ಎಂಬ ಮಾತು ಕಿವಿಗೆ ಬೀಳುತ್ತಲೇ ಇತ್ತು. ಪಕ್ಕದವನ ನೋಟ್ಸ್ ನೋಡಿ ಅದರ ಸ್ಪೆಲಿಂಗ್ ಬರೆದುಕೊಂಡೆ, ಅಷ್ಟೆ. ಹೈಸ್ಕೂಲಿನಲ್ಲಿ ನಾನು ಲೆಕ್ಕ ಬಿಡಿಸಿ ಮೇಷ್ಟ್ರಿಂದ ಭೇಷ್ ಅನ್ನಿಸಿಕೊಂಡಿದ್ದ ‘ವೇಗೋತ್ಕರ್ಷ’ವೇ ಇದು ಎಂದು ತಿಳಿದದ್ದು ಸಂಜೆ ಬಸ್ಸಿನಲ್ಲಿ, ಸೀನಿಯರ್ ಒಬ್ಬರು ಹೇಳಿದಾಗ. ಗೊತ್ತಿದ್ದ ವಿಷಯಕ್ಕೇ ಒಂದು ಗಂಟೆ ಹೆದರಿ ಕೂತಿದ್ದೆನಲ್ಲ ಎಂಬ ಸಂಕಟ ಇನ್ನೂ ಮನಸ್ಸಿನಲ್ಲಿದೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿರಲಿಲ್ಲ. ಮೊದಲೇ ಹೇಳಿಕೊಡುವವರು ಯಾರು? ಮೊದಲ ಟೆಸ್ಟ್ ಮುಗಿದ ಮೇಲೆ ನನ್ನ ಇಬ್ಬರು ಗೆಳೆಯರು ಸೈನ್ಸ್ ಬಿಟ್ಟರು. ಇಬ್ಬರೂ ನನಗಿಂತ ಜಾಣರು.

ಹೈಸ್ಕೂಲಿನಲ್ಲಿರುವಾಗಲೇ ಮಕ್ಕಳಿಗೆ ಕಾಲೇಜಿನ ಪಾಠದ ರುಚಿ ತೋರಿಸಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ಆ ಇಬ್ಬರು ನೆನಪಾಗುತ್ತಾರೆ.

ಅಮೆರಿಕದಲ್ಲಿ ಇದು ಹಳೆಯ ಪದ್ಧತಿ. ಅಲ್ಲಿ ಹೈಸ್ಕೂಲ್ ಎಂದರೆ 9ರಿಂದ 12ನೇ ತರಗತಿ. ನಮ್ಮ ಪಿಯುಸಿಯ ವಯಸ್ಸೂ ಅದರೊಳಗೇ ಬಂತು. ಆ ಮಕ್ಕಳಿಗೆ ಕಾಲೇಜಿನ ಪಾಠ ತಲುಪಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’, ಎಲ್ಲರ ಬಾಯಲ್ಲೂ ‘ಎಪಿ’. ಶಾಲೆಯ ಮೇಷ್ಟ್ರೇ ಕಾಲೇಜು ಮೊದಲ ವರ್ಷದ ಮಟ್ಟದ ಕ್ಯಾಲ್ಕುಲಸ್, ಇತಿಹಾಸ, ಜೀವಶಾಸ್ತ್ರ ಕಲಿಸುತ್ತಾರೆ. ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಮೂರೋ ಅದಕ್ಕಿಂತ ಹೆಚ್ಚೋ ಬಂದರೆ ಅನೇಕ ಕಾಲೇಜುಗಳು ಆ ವಿಷಯದ ಕ್ರೆಡಿಟ್ ಕೊಡುತ್ತವೆ. ಇನ್ನೊಂದು ‘ಡ್ಯುಯಲ್ ಎನ್‌ರೋಲ್‌ಮೆಂಟ್’. ಇದರಲ್ಲಿ ಹುಡುಗ ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದುಕೊಂಡೇ ಹತ್ತಿರದ ಕಮ್ಯುನಿಟಿ ಕಾಲೇಜಿನ ಕೋರ್ಸಿಗೂ ದಾಖಲಾಗುತ್ತಾನೆ. ಒಂದೇ ಓದು ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. ಮಿನ್ನೆಸೋಟ ರಾಜ್ಯ 1985ರಲ್ಲೇ ಇದಕ್ಕೆ ಕಾನೂನು ಮಾಡಿತು, ವಾಷಿಂಗ್ಟನ್ ರಾಜ್ಯ 1990ರಲ್ಲಿ.

ಲಾಭವೇನು ಎಂದು ಕೇಳಿದರೆ ಮೊದಲು ಬರುವ ಉತ್ತರ ಹಣ. ಅಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಹೈಸ್ಕೂಲಿನಲ್ಲೇ 15 ಗಳಿಸಿದವರಿಗೆ ಒಂದು ಸೆಮಿಸ್ಟರಿನ ಶುಲ್ಕ ಉಳಿಯಬಹುದು. ಎಪಿ ಪರೀಕ್ಷೆಗೆ ಸುಮಾರು 100 ಡಾಲರ್, ಬಡವರಿಗೆ ರಿಯಾಯಿತಿ. ಸಾಲ ಮಾಡಿ ಓದುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಅಲ್ಲಿಗೇ ನಿಂತರೆ ಈ ಪದ್ಧತಿಯ ಅಸಲು ಗುಣ ಕಾಣುವುದಿಲ್ಲ.

ಎಪಿ ಹುಟ್ಟಿದ್ದು 1950ರ ದಶಕದಲ್ಲಿ, ಅನುಕೂಲಸ್ಥರ ಮಕ್ಕಳಿಗಾಗಿಯೇ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಜೊತೆ ಮೂರು ಹೆಸರಾಂತ ಖಾಸಗಿ ಶಾಲೆಗಳು ಕೂತು, ಶಾಲೆಯಲ್ಲಿ ಕಲಿತದ್ದನ್ನೇ ಜಾಣ ಮಕ್ಕಳು ಕಾಲೇಜಿನಲ್ಲಿ ಮತ್ತೆ ಕಲಿಯುತ್ತಿದ್ದಾರೆ ಎಂದು ಕಂಡುಕೊಂಡವು. ಫೋರ್ಡ್ ಫೌಂಡೇಷನ್ ಹಣ ಕೊಟ್ಟಿತು, 1955ರಲ್ಲಿ ‘ಕಾಲೇಜ್ ಬೋರ್ಡ್’ ಎಂಬ ಸಂಸ್ಥೆ ಹೊಣೆ ಹೊತ್ತಿತು. ಅದು ಯಾರಿಗೆ ನಿಜವಾಗಿ ಬೇಕಿತ್ತು ಎಂಬುದನ್ನು ತೋರಿಸಿದವರು ಬೊಲಿವಿಯಾದಿಂದ ಬಂದ ಒಬ್ಬ ಗಣಿತದ ಮೇಷ್ಟ್ರು.

ಅವರ ಹೆಸರು ಹೈಮೆ ಎಸ್ಕಲಾಂಟೆ. ತಮ್ಮ ದೇಶದಲ್ಲಿ ಆಗಲೇ ಮೇಷ್ಟ್ರಾಗಿದ್ದವರು. 1960ರ ದಶಕದಲ್ಲಿ ಅಮೆರಿಕಕ್ಕೆ ಬಂದು, ಹೋಟೆಲಿನಲ್ಲಿ ನೆಲ ಒರೆಸಿ, ಇಂಗ್ಲಿಷ್ ಕಲಿತು, ಮತ್ತೆ ಪದವಿ ಓದಿ, 1974ರಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಗಾರ್‌ಫೀಲ್ಡ್ ಹೈಸ್ಕೂಲ್ ಸೇರಿದರು. ಮೆಕ್ಸಿಕೋ ಮೂಲದ ಕೂಲಿ ಕುಟುಂಬಗಳ ಮಕ್ಕಳೇ ಅಲ್ಲಿ ಹೆಚ್ಚು. 1979ರಲ್ಲಿ ಅವರ ಕ್ಯಾಲ್ಕುಲಸ್ ತರಗತಿಯಲ್ಲಿ ಕೊನೆಗೆ ಉಳಿದವರು 5 ಮಂದಿ, ಎಪಿ ಪಾಸಾದವರು 2. ಅವರು ಕೈಬಿಡಲಿಲ್ಲ. 1982ರಲ್ಲಿ 18 ಮಕ್ಕಳು ಪರೀಕ್ಷೆ ಬರೆದರು, ಹದಿನೆಂಟೂ ಪಾಸು. ಪರೀಕ್ಷೆ ನಡೆಸಿದ ಸಂಸ್ಥೆ ನಂಬಲಿಲ್ಲ. ಉತ್ತರಗಳಲ್ಲಿ ತಪ್ಪುಗಳು ಒಂದೇ ಥರ ಇವೆ, ನಕಲು ಮಾಡಿರಬೇಕು ಎಂದು 14 ಮಕ್ಕಳ ಮೇಲೆ ಅನುಮಾನಪಟ್ಟಿತು. ಅವರಲ್ಲಿ 12 ಮಂದಿ ಮತ್ತೆ ಕೂತು ಬರೆದರು. ಎಲ್ಲರೂ ಮತ್ತೆ ಪಾಸಾದರು.

1988ರಲ್ಲಿ ಈ ಕಥೆ ಸಿನಿಮಾ ಆಯಿತು. ಭಿನ್ನರಾಶಿ ಬಾರದ ಮಕ್ಕಳು ಒಂದೇ ವರ್ಷದಲ್ಲಿ ಕ್ಯಾಲ್ಕುಲಸ್ ಕಲಿತರು ಎಂಬ ಭಾವನೆ ಅದರಿಂದ ಹಬ್ಬಿತು. ನಡೆದದ್ದು ಬೇರೆ. ಎಸ್ಕಲಾಂಟೆ ಮತ್ತು ಅವರ ಜೊತೆಗಾರರು ಬೀಜಗಣಿತದಿಂದ ಹಿಡಿದು ವರ್ಷವರ್ಷವೂ ಮೆಟ್ಟಿಲು ಕಟ್ಟಿದ್ದರು. ಬೇಸಿಗೆ ರಜೆಯಲ್ಲಿ ಈಸ್ಟ್ ಲಾಸ್ ಏಂಜಲೀಸ್ ಕಾಲೇಜಿನೊಂದಿಗೆ ಸೇರಿ ತರಗತಿ ನಡೆಸಿದರು. ಬೆನ್ನಿಗೆ ನಿಂತ ಪ್ರಿನ್ಸಿಪಾಲರೂ ಇದ್ದರು. 1987ರ ಹೊತ್ತಿಗೆ ಕ್ಯಾಲ್ಕುಲಸ್ ಪಾಸಾದ ಗಾರ್‌ಫೀಲ್ಡ್ ಮಕ್ಕಳ ಸಂಖ್ಯೆ 80 ದಾಟಿತು. 1991ರಲ್ಲಿ ಅವರು ಶಾಲೆ ಬಿಟ್ಟರು. ಮುಂದಿನ ವರ್ಷಗಳಲ್ಲಿ ಸಂಖ್ಯೆ ಇಳಿಯಿತು. ಶಾಲೆಗೆ ‘ಎಪಿ’ ಎಂದು ಬೋರ್ಡು ತಗುಲಿಸಿದರೆ ಏನೂ ಆಗುವುದಿಲ್ಲ, ಕೆಳಗಿನಿಂದ ಕಟ್ಟಿಕೊಂಡು ಬರುವ ಮೇಷ್ಟ್ರು ಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ.

2002ರಿಂದ ಗೇಟ್ಸ್ ಫೌಂಡೇಷನ್ ನೆರವಿನಲ್ಲಿ ‘ಅರ್ಲಿ ಕಾಲೇಜ್’ ಎಂಬ ಶಾಲೆಗಳು ಹರಡಿದವು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಾಣುವ ಮಕ್ಕಳೇ ಇವುಗಳ ಗುರಿ. ಕೆಲವು ಶಾಲೆಗಳಲ್ಲಿ ಸೀಟಿಗೆ ಲಾಟರಿ ಎತ್ತುತ್ತಿದ್ದುದರಿಂದ, ಸೀಟು ಸಿಕ್ಕವರನ್ನೂ ಸಿಗದವರನ್ನೂ ಸಂಶೋಧಕರು ಹೋಲಿಸಿ ನೋಡಲು ಸಾಧ್ಯವಾಯಿತು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸೀಟು ಸಿಕ್ಕವರಲ್ಲಿ ಶೇ 22ರಷ್ಟು ಮಂದಿ ಅಧ್ಯಯನದ ಅವಧಿಯೊಳಗೆ ಕಾಲೇಜಿನ ಒಂದು ಪದವಿ ಪಡೆದಿದ್ದರು, ಹೆಚ್ಚಿನವು ಎರಡು ವರ್ಷದವು. ಸಿಗದವರಲ್ಲಿ ಅದು ಶೇ 2. ಎರಡೂ ಗುಂಪಿನವರು ಅರ್ಜಿ ಹಾಕಿದ ಮಕ್ಕಳೇ. ನಡುವೆ ಇದ್ದದ್ದು ಒಂದು ಲಾಟರಿ ಚೀಟಿ.

ಇನ್ನೊಂದು ಮುಖವನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕನ ಮಗಳು ಒಂದೇ ವರ್ಷಕ್ಕೆ ಐದು ಎಪಿ ತೆಗೆದುಕೊಂಡಿದ್ದಳು. ಏಪ್ರಿಲಿನಲ್ಲಿ ನಾನು ಹೋಗಿದ್ದಾಗ ಊಟದ ಮೇಜಿನ ಮೇಲೆ ಇಟ್ಟಿಗೆ ಗಾತ್ರದ ಗೈಡುಗಳು, ಪುಟಪುಟಕ್ಕೂ ಹಳದಿ ಚೀಟಿ. ತಟ್ಟೆ ಇಡಲು ಜಾಗ ಮಾಡುತ್ತಾ ಅಕ್ಕ, “ಪಕ್ಕದ ಮನೆಯವನು ಏಳು ತಗೊಂಡಿದ್ದಾನೆ ಕಣೋ” ಎಂದಳು. ಹುಡುಗಿ ಅನ್ನ ಕಲಸುತ್ತಲೇ ಇತಿಹಾಸದ ಇಸವಿ ಬಾಯಿಪಾಠ ಮಾಡುತ್ತಿದ್ದಳು. “ಇದರಲ್ಲಿ ಯಾವುದು ಇಷ್ಟ ಪುಟ್ಟಿ?” ಎಂದು ಕೇಳಿದೆ. “ಎನ್ವಿರಾನ್‌ಮೆಂಟಲ್ ಸೈನ್ಸ್, ಮಾಮ. ಅದೊಂದು ಮಾತ್ರ” ಎಂದಳು. ಕಾಲೇಜಿನ ಮಟ್ಟದ ಒಂದು ಕೋರ್ಸ್ ಮಗುವಿಗೆ ತನ್ನ ಒಲವು ಯಾವುದೆಂದು ಪದವಿಗೆ ಮೊದಲೇ ತೋರಿಸಿಕೊಡುತ್ತದೆ, ಅದು ದೊಡ್ಡ ಲಾಭ. ಉಳಿದ ನಾಲ್ಕು ಕೋರ್ಸ್ ಅವಳ ನಿದ್ದೆಯನ್ನಷ್ಟೇ ತಿಂದವು. ಎಲ್ಲ ಕಾಲೇಜುಗಳೂ ಈ ಕ್ರೆಡಿಟ್ ಒಪ್ಪುವುದಿಲ್ಲ. ಡಾರ್ಟ್‌ಮತ್ ಕಾಲೇಜು ಎಪಿಗೆ ಕ್ರೆಡಿಟ್ ಕೊಡುವುದನ್ನು ಎಂದೋ ನಿಲ್ಲಿಸಿತು. ಡ್ಯುಯಲ್ ಎನ್‌ರೋಲ್‌ಮೆಂಟಿನಲ್ಲಿ ಹದಿನಾರಕ್ಕೆ ಬಂದ ಕಳಪೆ ಗ್ರೇಡು ಕಾಲೇಜಿನ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ. ಒಂದೋ ಎರಡೋ ಸಾಕು, ಮಗು ಬಯಸಿದ್ದನ್ನೇ ಕೊಡಿಸಿ ಎಂದು ಅಲ್ಲಿರುವ ನಮ್ಮವರಿಗೆ ಹೇಳುತ್ತೇನೆ.

ನಮ್ಮಲ್ಲಿ ಇಂಥದ್ದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರುವ ಹುಡುಗಿ ಹದಿನಾರಕ್ಕೇ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಲ್ಲುತ್ತಾಳೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷ. ಅವಳ ಮೊದಲಿನ ಓದಿಗೆ ಬೆಲೆ ಸಿಕ್ಕಿತಲ್ಲ. ಐಐಟಿಗಳು ಮತ್ತು ಐಐಎಸ್ಸಿ ಸೇರಿ ಕಟ್ಟಿದ ಎನ್‌ಪಿಟಿಇಎಲ್ ಪಾಠಗಳು ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ. ಪಿಯು ಹುಡುಗರು ಕೇಳಬಾರದೆಂದು ಯಾರೂ ತಡೆದಿಲ್ಲ. ಆದರೆ ಒಬ್ಬನೇ ಕೂತು ವೀಡಿಯೊ ನೋಡುವುದು ಬೇರೆ, ತರಗತಿಯಲ್ಲಿ ಕೂತು ಪ್ರಶ್ನೆ ಕೇಳುವುದು ಬೇರೆ.

ತಾಲ್ಲೂಕು ಕೇಂದ್ರಗಳಲ್ಲಿ ಎಷ್ಟೋ ಕಡೆ ಪಿಯು ಕಾಲೇಜೂ ಡಿಗ್ರಿ ಕಾಲೇಜೂ ಒಂದೇ ಕಾಂಪೌಂಡಿನಲ್ಲಿವೆ. ನಡುವೆ ಒಂದು ಮೈದಾನ, ಅಷ್ಟೆ. ಆ ಪ್ರಿನ್ಸಿಪಾಲರಲ್ಲಿ ನನ್ನದೊಂದು ಕೋರಿಕೆ: ವಾರಕ್ಕೆ ಒಂದು ಗಂಟೆ, ಇಷ್ಟವಿರುವ ದ್ವಿತೀಯ ಪಿಯು ಮಕ್ಕಳನ್ನು ಡಿಗ್ರಿ ಮೊದಲ ವರ್ಷದ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲು ಬಿಡಿ. ಹಾಜರಿ, ಅಂಕ, ಶುಲ್ಕ ಯಾವುದೂ ಬೇಡ. ಅವರಿಗೊಂದು ಪ್ರಶ್ನೆ ಕೇಳುವ ಅವಕಾಶ ಕೊಡಿ, ಕನ್ನಡದಲ್ಲಿ ಕೇಳಿದರೂ ಉತ್ತರಿಸಿ. ಈ ಜೂನಿನಿಂದಲೇ ಶುರು ಮಾಡಬಹುದು.