ಕೃತಕ ಕೈಗೆ ಎಷ್ಟು ಅಂಕ?

ಕಬ್ಬಿನ ಗಾಣ, ಮೇವು ಕತ್ತರಿಸುವ ಯಂತ್ರ, ವಿದ್ಯುತ್ತಿನ ಆಘಾತ - ಇವು ಕೈಯನ್ನು ಕಿತ್ತುಕೊಳ್ಳುವ ವೈರಿಗಳು. ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರಿನಲ್ಲಿ ಕೃತಕ ಅವಯವಗಳನ್ನು ಜೋಡಿಸುವರೆಂಬುದು ವಾಚಕರಲ್ಲಿ ಅನೇಕರಿಗೆ ಗೊತ್ತಿದ್ದೀತು. ಕೃತಕ ಕಾಲು ಒಗ್ಗಿತೋ ಇಲ್ಲವೋ ಎಂಬುದನ್ನು ಧರಿಸಿದವನ ನಡಿಗೆಯೇ ಬಹುಮಟ್ಟಿಗೆ ಹೇಳುವದು. ಕೈಯ ಮಾತು ಹಾಗಲ್ಲ. ಅದು ಹಿಡಿಯಬೇಕು, ತಿರುವಬೇಕು, ಹಿಂಡಬೇಕು. ಹಿಡಿದುದನ್ನು ಸಕಾಲದಲ್ಲಿ ಬಿಡಲೂ ಬೇಕು. ಇಷ್ಟಕ್ಕೆಲ್ಲ ಅಂಕ ಕೊಡುವದೆಂತು?

ಅತ್ಯಂತ ಸರಳವಾದ ಪರೀಕ್ಷೆಗೆ ನಡುವೆ ಅಡ್ಡಹಲಗೆಯುಳ್ಳ ಒಂದು ಪೆಟ್ಟಿಗೆ, 2.5 ಸೆಂಟಿಮೀಟರು ಅಂಚಿನ 150 ಮರದ ಘನಗಳು ಸಾಕು. ಒಂದು ನಿಮಿಷದಲ್ಲಿ ಒಂದೊಂದಾಗಿ ಎಷ್ಟು ಘನಗಳನ್ನು ಹಲಗೆ ದಾಟಿಸಿದರೋ ಅಷ್ಟೇ ಅಂಕ. ಆರೋಗ್ಯವಂತ ತರುಣರು ಸಾಮಾನ್ಯವಾಗಿ 80ನ್ನು ಮೀರುವರು. ಕೃತಕ ಕೈಯವರಿಗೆ ಅದರ ಅರ್ಧವೂ ಕಷ್ಟ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ರೂಪುಗೊಂಡು 2002ರಲ್ಲಿ ಪ್ರಕಟವಾದ ಪರೀಕ್ಷೆ ಇದಕ್ಕಿಂತ ವಿಸ್ತಾರವಾದುದು. ಗುಂಡಿ ಬಿಚ್ಚುವದು, ನಾಣ್ಯ ಎತ್ತುವದು, ಮುಚ್ಚಳ ತೆಗೆಯುವದು, ಕೀಲಿಕೈ ತಿರುವುವದು ಮೊದಲಾದ 26 ಕೆಲಸಗಳು ಅದರಲ್ಲುಂಟು. ಗಡಿಯಾರವನ್ನು ಒತ್ತುವವನು ಪರೀಕ್ಷಕನಲ್ಲ, ಪರೀಕ್ಷೆಗೆ ಕುಳಿತವನೇ. ಪರೀಕ್ಷಕನ ಬೆರಳಿನ ವಿಳಂಬವು ಲೆಕ್ಕದಲ್ಲಿ ಸೇರದಂತೆ ಮಾಡಿದ ಈ ಯುಕ್ತಿಯನ್ನು ನಾವು ಬಹಳ ಮೆಚ್ಚಿದೆವು. ಸಹಜವಾದ ಕೈಗೆ ಇಲ್ಲಿ ಸುಮಾರು 100 ಅಂಕ.

ತೊಡಕು ಎಲ್ಲಿದೆ? 200 ಗ್ರಾಂ ತೂಗುವ ಲೋಟವನ್ನು ಎರಡು ಪಕ್ಕದಿಂದ ಹಿಡಿದು ಎತ್ತಿರೆಂದು ಭಾವಿಸಿರಿ. ಘರ್ಷಣಾಂಕವು 0.3 ಇದ್ದರೆ ಪ್ರತಿಯೊಂದು ಪಕ್ಕವನ್ನೂ ಕನಿಷ್ಠ 3.3 ನ್ಯೂಟನ್ ಬಲದಿಂದ ಒತ್ತಬೇಕು. ಕಡಿಮೆಯಾದರೆ ಲೋಟ ಜಾರುವದು. ಕಾಗದದ್ದಾಗಿದ್ದರೆ, ತೀರ ಹೆಚ್ಚಾದಾಗ ನಜ್ಜುಗುಜ್ಜಾಗುವದು. ಲೋಟ ಜಾರತೊಡಗಿತೆಂಬುದನ್ನು ಬೆರಳಿನ ಚರ್ಮ ತಕ್ಷಣ ಅರಿಯುತ್ತದೆ. ಸ್ನಾಯುಗಳ ವಿದ್ಯುತ್ಸಂಕೇತದಿಂದ ನಡೆಯುವ ಮೋಟಾರು ಕೈಗೆ ಸಾಮಾನ್ಯವಾಗಿ ಈ ಸ್ಪರ್ಶಜ್ಞಾನವಿಲ್ಲ. ಧರಿಸಿದವನು ಕಣ್ಣಿನಿಂದ ಕಾಯಬೇಕು. ಭುಜದ ಚಲನೆಯಿಂದ ತಂತಿಯೆಳೆದು ನಡೆಸುವ ಹಳೆಯ ಕೊಕ್ಕೆಯಲ್ಲಾದರೋ ತಂತಿಯ ಬಿಗಿತವೇ ಭುಜಕ್ಕೆ ಅಷ್ಟಿಷ್ಟು ವರದಿ ಒಪ್ಪಿಸುವದು. ಅಗ್ಗದ್ದೆಂದು ಅದನ್ನು ಹೀಗಳೆಯುವದು ಸಲ್ಲದು.

ಸ್ವೀಡನ್ನಿನವರ ಒಂದು ಪರೀಕ್ಷೆಯು ಗಡಿಯಾರವನ್ನೇ ಬಿಟ್ಟಿದೆ. ಮೋಟಾರು ಕೈಯವನು ತನಗೆ ಪರಿಚಿತವಾದ, ಎರಡೂ ಕೈ ಬೇಕಾಗುವ ಕೆಲಸ ಮಾಡುತ್ತಿರುವಾಗ, ಕಣ್ಣಿಟ್ಟು ನೋಡದೆಯೇ ಹಿಡಿಯಬಲ್ಲನೇ, ಬಿಡಬಲ್ಲನೇ ಎಂದು ಪರೀಕ್ಷಕನು ಗಮನಿಸುತ್ತಾನೆ. ನಮ್ಮ ಸೀಮೆಗೆ ಇದೇ ಹೆಚ್ಚು ಒಪ್ಪುವದೆಂದು ನಮ್ಮ ಎಣಿಕೆ. ಸೌತಾಂಪ್ಟನ್ನಿನ ಪಟ್ಟಿಯಲ್ಲಿ ಚಾಕುವಿನಿಂದ ಆಹಾರ ಕತ್ತರಿಸುವದುಂಟು. ಜೋಳದ ರೊಟ್ಟಿ ಬಡಿಯುವದಿಲ್ಲ, ಸೀರೆಯ ನಿರಿಗೆ ಹಿಡಿಯುವದಿಲ್ಲ, ಎತ್ತಿನ ಹಗ್ಗ ಬಿಗಿಯುವದಿಲ್ಲ. ನೀರು ತಾಕಬಾರದ ಕೈಯೊಂದು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದರೂ, ದಿನವೂ ಪಾತ್ರೆ ತಿಕ್ಕಿ ಬಟ್ಟೆ ಒಗೆಯುವ ಹೆಣ್ಣುಮಗಳ ಮನೆಯಲ್ಲಿ ಟ್ರಂಕಿನೊಳಗೇ ಉಳಿದೀತು.

ಈ ಸಂಶಯ ನಮ್ಮೊಬ್ಬರದೇ ಅಲ್ಲ. ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮೋಟಾರು ಕೈ ಧರಿಸಿದವರ ಎರಡೂ ಮಣಿಕಟ್ಟುಗಳಿಗೆ ವೇಗೋತ್ಕರ್ಷಮಾಪಕಗಳನ್ನು ಕಟ್ಟಿ, ಮನೆಯಲ್ಲಿ ಯಾವ ಕೈ ಎಷ್ಟು ಆಡುವದೆಂದು ಅಳೆದರು. (ಇಂಥದೇ ಒಂದು ಮಾಪಕ ನಿಮ್ಮ ಮೊಬೈಲಿನಲ್ಲಿಯೂ ಇದೆ.) 2018ರಲ್ಲಿ ಪ್ರಕಟವಾದ ಆ ವರದಿಯಂತೆ ದಿನದ ಚಲನೆಯ ಹೆಚ್ಚಿನ ಪಾಲು ಉಳಿದ ಸಹಜ ಕೈಯದೇ ಆಗಿತ್ತು, ಪ್ರಯೋಗಶಾಲೆಯಲ್ಲಿ ಚುರುಕಾಗಿದ್ದವರು ಮನೆಯಲ್ಲಿ ಕೃತಕ ಕೈಯನ್ನು ಹೆಚ್ಚು ಬಳಸುತ್ತಿದ್ದರೆಂದೂ ಕಂಡುಬರಲಿಲ್ಲ.