ಕ್ಷಿಪಣಿ ಮತ್ತು ಗೋಧಿ: ಮಹಾಶಕ್ತಿಗಳ ಪೈಪೋಟಿಯ ಎರಡು ಮುಖಗಳು



1983ನೇ ಇಸವಿಯನ್ನು ಗಮನಿಸಿ. ಆ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಸೋವಿಯತ್ ಕ್ಷಿಪಣಿಗಳನ್ನು ಮಾರ್ಗಮಧ್ಯದಲ್ಲೇ ನಾಶಮಾಡುವ ರಕ್ಷಣಾ ಯೋಜನೆಯನ್ನು ಪ್ರಕಟಿಸಿದರು. ಆಗಸ್ಟ್‌ನಲ್ಲಿ ಅದೇ ಸೋವಿಯತ್ ಒಕ್ಕೂಟ ಅಮೆರಿಕದಿಂದ ವರ್ಷಕ್ಕೆ ಕನಿಷ್ಠ 90 ಲಕ್ಷ ಟನ್ ಧಾನ್ಯ ಕೊಳ್ಳುವ ಒಪ್ಪಂದಕ್ಕೆ ಸಹಿಬಿತ್ತು. ವೈರಿಗೆ ಅನ್ನ ಮಾರುವುದೇ ಎಂಬ ಪ್ರಶ್ನೆ ನಿಮ್ಮಲ್ಲಿ ಏಳಬಹುದು.

ಮೊದಲು ಅಸ್ತ್ರದ ವಿಷಯ. 1949ರಲ್ಲಿ ಸೋವಿಯತ್ ಒಕ್ಕೂಟವೂ ಅಣುಬಾಂಬ್ ಪರೀಕ್ಷಿಸಿತು. ಮುಂದೆ ಎರಡೂ ದೇಶಗಳು ಜಲಾಂತರ್ಗಾಮಿಗಳಲ್ಲಿ ಕ್ಷಿಪಣಿಗಳನ್ನು ಅಡಗಿಸಿಟ್ಟವು. ಮೊದಲು ಪೆಟ್ಟು ತಿಂದವನೂ ತಿರುಗಿ ಹೊಡೆಯಬಲ್ಲ ಎಂದಾದಾಗ ಮೊದಲು ಹೊಡೆಯಲು ಯಾರೂ ಮುಂದಾಗರು. ಇದೇ ಭೀತಿಯ ಸಮತೋಲನ. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾ ಬಿಕ್ಕಟ್ಟು ಉಂಟಾದಾಗ ಕೆನಡಿ, ಕ್ರುಶ್ಚೇವ್ ಇಬ್ಬರೂ ಹಿಂದೆ ಸರಿಯಲು ಈ ಭಯವೂ ಕಾರಣ. ಆದರೆ 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಆಫ್ಘಾನಿಸ್ತಾನವನ್ನು ಪ್ರವೇಶಿಸುವುದನ್ನು ಈ ಭಯ ತಡೆಯಲಿಲ್ಲ.

ಆಗ ಅಮೆರಿಕ ವ್ಯಾಪಾರವನ್ನೇ ಅಸ್ತ್ರವಾಗಿ ಬಳಸಿತು. 1975ರ ಒಪ್ಪಂದದಂತೆ ಕೊಡಬೇಕಾಗಿದ್ದ 80 ಲಕ್ಷ ಟನ್ನನ್ನು ಉಳಿಸಿ, ಅದಕ್ಕೂ ಮೀರಿದ ಸುಮಾರು 1.7 ಕೋಟಿ ಟನ್ ಧಾನ್ಯದ ಮಾರಾಟವನ್ನು 1980ರ ಜನವರಿಯಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನಿಲ್ಲಿಸಿದರು. ಆದದ್ದೇನು? ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬಂತೆ ಅರ್ಜೆಂಟೀನಾ ತನ್ನ ಧಾನ್ಯವನ್ನು ಮಾಸ್ಕೋಗೆ ಮಾರಿತು. ಅಮೆರಿಕದ ರೈತರು ಸಿಟ್ಟಾದರು. 1981ರ ಏಪ್ರಿಲ್‌ನಲ್ಲಿ ರೇಗನ್ ನಿರ್ಬಂಧವನ್ನು ತೆಗೆದರು. ಸೋವಿಯತ್ ಸೇನೆ ಆಫ್ಘಾನಿಸ್ತಾನವನ್ನು ಪೂರ್ತಿ ಬಿಟ್ಟದ್ದು 1989ರ ಫೆಬ್ರವರಿಯಲ್ಲಿ. ಬೇರೆ ಅಂಗಡಿ ತೆರೆದಿರುವಾಗ ಒಬ್ಬ ವ್ಯಾಪಾರಿ ಬಾಗಿಲು ಹಾಕಿಕೊಂಡರೆ ಗಿರಾಕಿ ಉಪವಾಸ ಬೀಳುವುದಿಲ್ಲ.

ಹಾಗಾದರೆ ಭೀತಿಯನ್ನೇ ನಂಬೋಣವೇ? ಅದೇ 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಎಚ್ಚರಿಕೆ ಕೇಂದ್ರದ ಯಂತ್ರಗಳು ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಎಂದು ಸೂಚಿಸಿದವು. ಕರ್ತವ್ಯದಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಅದನ್ನು ಸುಳ್ಳು ಸೂಚನೆಯೆಂದು ತೀರ್ಮಾನಿಸಿ ಹಾಗೆಯೇ ವರದಿ ಮಾಡಿದರು. ಮೋಡಗಳ ಮೇಲಿನ ಬಿಸಿಲನ್ನು ಉಪಗ್ರಹ ತಪ್ಪಾಗಿ ಗ್ರಹಿಸಿತ್ತು. ಭಯದಿಂದ ಉಳಿದ ಶಾಂತಿ ಅಂದು ಒಬ್ಬ ಮನುಷ್ಯನ ವಿವೇಕದ ಮೇಲೆ ನಿಂತಿತ್ತು.

ಧಾನ್ಯದ ವ್ಯಾಪಾರ ವೈರವನ್ನು ಅಳಿಸಲಿಲ್ಲ, ನಿಜ. ಆದರೆ ವೈರದ ನಡುವೆಯೂ ಎರಡು ಸರ್ಕಾರಗಳು ಎದುರುಬದುರು ಕುಳಿತು ಮಾತನಾಡಲು ಅದು ಒಂದು ಕಾರಣವಾಗಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಗೊಂಡಿತು. ಇಂದು ಅಮೆರಿಕ ಮತ್ತು ಚೀನಾ ಪೈಪೋಟಿಗಿಳಿದಿವೆ. ಅವುಗಳ ನಡುವಿನ ವ್ಯಾಪಾರ ಅಂದಿನದಕ್ಕಿಂತ ಬಹುಪಾಲು ದೊಡ್ಡದು. 2018ರಲ್ಲಿ ಅವು ಪರಸ್ಪರ ಸುಂಕ ಹೇರಿದಾಗ ನಷ್ಟ ಎರಡೂ ಕಡೆ ತಟ್ಟಿತು. ಇಂಥ ಸುದ್ದಿ ಓದುವಾಗ ನೀವು ಎರಡು ಪ್ರಶ್ನೆ ಕೇಳಿಕೊಳ್ಳಿ: ಮಾರುವವರು ಬೇರೆ ಯಾರಿದ್ದಾರೆ? ಮಾತುಕತೆಯ ಬಾಗಿಲು ಇನ್ನೂ ತೆರೆದಿದೆಯೇ?